ಸಾಹಿತ್ಯವೇ ಇಲ್ಲ, ರಾಜಕೀಯ ಎಲ್ಲಿಂದ ಬಂತು?

ನಿನ್ನೆ ಸಂಜೆ ಕಾಸರಗೋಡಿನ ಪೆರ್ಲದ ಹತ್ತಿರ ನೆಂಟರ ಮನೆಯ ಅಂಗಳದಲ್ಲಿ ಕೇಳಿದ ಒಂದು ಮಾತು ರಾತ್ರಿಯಿಡೀ ನಿದ್ದೆ ಕೆಡಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನನ್ನ ಸಿಡುಕು ನಿಮಗೆ ಹೊಸತಲ್ಲ, ಸಹಿಸಿಕೊಳ್ಳಿ.

ಬೆಂಗಳೂರಿನಿಂದ ಬಂದಿದ್ದ ಸೋದರಳಿಯ, ಅಡಕೆ ಹರವಿದ್ದ ಅಂಗಳದ ಮೂಲೆಯಲ್ಲಿ ಹೆಡಿಗೆಯೊಂದನ್ನು ಕವುಚಿ ಅದರ ಮೇಲೆ ಸ್ಪೀಕರ್ ಇಟ್ಟು, ‘ಇದು ರಾಜಕೀಯ ಸಂಗೀತ’ ಎನ್ನುತ್ತ ಮ್ಯಾಥ್ಯೂ ಹರ್ಬರ್ಟ್ ಎಂಬ ಇಂಗ್ಲೆಂಡಿನ ಸಂಗೀತಗಾರನ ‘ದಿ ಎಂಡ್ ಆಫ್ ಸೈಲೆನ್ಸ್’ ಆಲ್ಬಮ್ ಕೇಳಿಸಿದ. 2011ರಲ್ಲಿ ಲಿಬಿಯಾದ ರಾಸ್ ಲನೂಫ್‌ನಲ್ಲಿ ಗಡಾಫಿಯ ಕಡೆಯ ವಿಮಾನ ಬಾಂಬು ಹಾಕಿದಾಗ ಛಾಯಾಗ್ರಾಹಕನೊಬ್ಬನ ಬಳಿ ಉಳಿದ ಐದು ಸೆಕೆಂಡುಗಳ ಧ್ವನಿಮುದ್ರಣವೇ 2013ರ ಈ ಆಲ್ಬಮ್ಮಿನ ಬಂಡವಾಳ. ಆ ಐದು ಸೆಕೆಂಡುಗಳನ್ನೇ ಹಿಂಜಿ, ಹಿಗ್ಗಿಸಿ, ಚೂರು ಮಾಡಿ ಮೂರು ದೀರ್ಘ ಭಾಗಗಳನ್ನು ಕಟ್ಟಿದ್ದಾನೆ. ಸ್ಫೋಟ ಕೇಳಿದ್ದೇ ತಡ, ಜಗಲಿಯ ಬುಡದಲ್ಲಿ ಮಲಗಿದ್ದ ನಾಯಿ ಎದ್ದು ತೋಟದ ಕಡೆಗೆ ನಡೆಯಿತು. ನಾಯಿಗೆ ತಿಳಿಯಿತು, ಭಾವನಿಗೆ ತಿಳಿಯಲಿಲ್ಲ. ‘ಇದರಲ್ಲಿ ಸಾಹಿತ್ಯವೇ ಇಲ್ಲವಲ್ಲ ಮಾರಾಯ, ರಾಜಕೀಯ ಎಲ್ಲಿಂದ ಬಂತು?’ ಎಂದರು. ಸುತ್ತ ಕೂತವರೆಲ್ಲ ನಕ್ಕರು.

ನಗಲಿ. ಗಡಿನಾಡಿನ ಕನ್ನಡಿಗರಾದ ನಮಗೆ ರಾಜಕೀಯವೆಂದರೆ ನವೆಂಬರ್ ಒಂದರ ಭಾಷಣ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿದ್ದು, ಆಮೇಲೆ ಉಪ್ಪಿಟ್ಟು. ಆ ಭಾಷಣವನ್ನು ನಾನೂ ಮಾಡಿದ್ದೇನೆ, ಚಪ್ಪಾಳೆಯನ್ನೂ ತೆಗೆದುಕೊಂಡಿದ್ದೇನೆ. ಆದರೆ ಮಾತಿಲ್ಲದ ಸದ್ದಿಗೆ ಅರ್ಥವಿಲ್ಲ ಎನ್ನುವುದಕ್ಕೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಬಾಯಿಯಾದರೂ ಹೇಗೆ ಬರುತ್ತದೆ? ಸಂಜೆ ಗದ್ದೆಯ ಆಚೆಯಿಂದ ‘ಕೇಳಿ’ಯ ಚೆಂಡೆ ಬಾರಿಸುವುದು ಕಿವಿಗೆ ಬಿದ್ದರೆ ಇಂದು ಆಟವಿದೆಯೆಂದು ಊರಿಗೆ ಊರೇ ತಿಳಿದುಕೊಳ್ಳುತ್ತಿತ್ತು. ಬಣ್ಣದ ವೇಷದ ರಾಕ್ಷಸನ ಆರ್ಭಟ ಕೇಳಿ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿದವರಲ್ಲಿ ಯಾರೂ ಸಾಹಿತ್ಯವೆಲ್ಲಿ ಎಂದು ಭಾಗವತರನ್ನು ಕೇಳಲಿಲ್ಲ.

ಸರಕಾರಗಳಿಗೆ ಈ ಸಂಗತಿ ನಮಗಿಂತ ಚೆನ್ನಾಗಿ ಗೊತ್ತಿದೆ. ಬ್ರಿಟನ್ 1994ರಲ್ಲಿ ಬಯಲಿನಲ್ಲಿ ರಾತ್ರಿಯಿಡೀ ಕುಣಿಯುವ ರೇವ್ ಕೂಟಗಳನ್ನು ಹತ್ತಿಕ್ಕಲು ತಂದ ಕಾನೂನಿನಲ್ಲಿ ‘ಒಂದರ ಹಿಂದೊಂದು ಮರುಕಳಿಸುವ ತಾಳ’ವೇ ಪ್ರಧಾನವಾದ ಸಂಗೀತ ಎಂದು ಬರೆದೇ ಇಟ್ಟಿತು. ಅದಕ್ಕೆ ಎದುರಾಗಿ ಆಟೆಕರ್ ಎಂಬ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಅದೇ ವರ್ಷ ‘ಆಂಟಿ’ ಎಂಬ ಮೂರು ಕೃತಿಗಳ ರೆಕಾರ್ಡ್ ತಂದಿತು. ಅದರಲ್ಲೊಂದನ್ನು ಯಾವ ಎರಡು ಆವರ್ತಗಳೂ ಒಂದೇ ಆಗದಂತೆ ಹೆಣೆದು, ನುಡಿಸುವಾಗ ಒಬ್ಬ ವಕೀಲನನ್ನೂ ಒಬ್ಬ ಸಂಗೀತಶಾಸ್ತ್ರಜ್ಞನನ್ನೂ ಜೊತೆಗಿಟ್ಟುಕೊಳ್ಳಿ ಎಂದು ಹೊದಿಕೆಯ ಮೇಲೆ ಕುಚೋದ್ಯ ಮಾಡಿತು. ಅದರಲ್ಲಿ ಸಾಹಿತ್ಯ ಎಲ್ಲಿದೆ, ಭಾವನವರೇ?

ಲಿಬಿಯಾದವರ ಸಾವನ್ನು ಇಂಗ್ಲೆಂಡಿನವನೊಬ್ಬ ಆಲ್ಬಮ್ ಮಾಡಿ ಮಾರುವುದು ಸರಿಯೇ ಎಂದು ಅಕ್ಕನ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ, ಅರ್ಧ ನಿಮಿಷ ನನಗೂ ಉತ್ತರ ಹೊಳೆಯಲಿಲ್ಲ. ಆದರೆ ಅದೇ ಮನೆಯಲ್ಲಿ ಪ್ರತಿರಾತ್ರಿ ಊಟದ ಹೊತ್ತಿಗೆ ಟೀವಿಯಲ್ಲಿ ಬಾಂಬು ಬೀಳುತ್ತದೆ, ನಡುವೆ ಸಾಬೂನಿನ ಜಾಹೀರಾತು ಬರುತ್ತದೆ, ಆಗ ಯಾರೂ ತುತ್ತು ಕೆಳಗಿಡುವುದಿಲ್ಲ. ಈ ಮನುಷ್ಯನಾದರೋ ಐದು ಸೆಕೆಂಡಿನಿಂದ ನಮ್ಮನ್ನು ಏಳಲು ಬಿಡಲಿಲ್ಲ.

ನನ್ನ ಕೋಪಕ್ಕೆ ಕಾರಣ ಲಿಬಿಯಾವೂ ಅಲ್ಲ, ಇಂಗ್ಲೆಂಡೂ ಅಲ್ಲ. ಭಾವನ ಈ ಪ್ರಶ್ನೆ ಪೆರ್ಲ ಇರುವ ಎಣ್ಮಕಜೆ ಪಂಚಾಯತಿನ ಮಣ್ಣಿನಲ್ಲಿ ಕೂತು ಕೇಳಿದ್ದು ಎಂಬುದು. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸುರಿಯಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ಬಂದದ್ದು ಇದೇ ಗುಡ್ಡಗಳ ಮೇಲೆ. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ, ಆ ವೇಳೆಗೆ ಪಡ್ರೆ, ಸ್ವರ್ಗ ಎಂಬ ಊರುಗಳ ಮನೆಗಳಲ್ಲಿ ಆ ವಿಷ ಏನೇನು ಮಾಡಿತ್ತೆಂದು ಭಾವನಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮೊದಲು ದೂರದಲ್ಲಿ ಕಡಂದುರು ಹುಳ ಗುಂಯ್‌ಗುಟ್ಟಿದಂತೆ, ಆಮೇಲೆ ಹಂಚು ನಡುಗುವಂತೆ ಬರುತ್ತಿದ್ದ ಆ ಸದ್ದಿಗೆ ಅಮ್ಮ ಒಣಗಿದ ಬಟ್ಟೆ ಒಳಗೆ ಹಾಕಿ ಬಾವಿಗೆ ಸೋಗೆ ಮುಚ್ಚಲು ಓಡುತ್ತಿದ್ದರು. ನಾವು ಮಕ್ಕಳು ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದೆವು. ಪೈಲಟ್ ನೋಡಲಿ ಎಂದು ಅಂಗಿ ಬಿಚ್ಚಿ ಬೀಸಿದ್ದೂ ಉಂಟು. ನನಗೆ ಆ ಸದ್ದು ಇಷ್ಟವಾಗಿತ್ತು. ಇದನ್ನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು, ನಮ್ಮ ಚಾವಡಿಯಲ್ಲೇ ಒಂದು ಮಧ್ಯಾಹ್ನ ನಡೆದ, ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆಯನ್ನು ದಾಖಲಿಸುವ ಕೆಲಸ ನನ್ನದಾಗಿತ್ತು. ಕೃಷ್ಣಸಂಧಾನದ ಪ್ರಸಂಗದಲ್ಲಿ ಕೃಷ್ಣನ ಅರ್ಥಧಾರಿ ಮಾತಾಡುತ್ತಿದ್ದಾಗ ಹೆಲಿಕಾಪ್ಟರ್ ಬಂತು. ಅರ್ಥಧಾರಿ ದನಿ ಏರಿಸಿದರು, ಮತ್ತೂ ಏರಿಸಿದರು, ಕೊನೆಗೆ ಕೈಚೆಲ್ಲಿ ನಕ್ಕು ಸುಮ್ಮನಾದರು. ಮರುದಿನ ಕೇಳಿದಾಗ ಕ್ಯಾಸೆಟ್ಟಿನಲ್ಲಿ ಎರಡು ನಿಮಿಷ ಬರೀ ರೆಕ್ಕೆಯ ಸದ್ದು, ನಡುವೆ ಯಾರೋ ಕೆಮ್ಮಿದ್ದು, ಅಮ್ಮ ಬಾವಿಯ ಕಡೆಯಿಂದ ಕೂಗಿದ್ದು. ಸಾಹಿತ್ಯವಿಲ್ಲದ ಭಾಗವೆಂದು, ಹಾಳಾಗಿದೆಯೆಂದು, ನಾನೇ ಅದರ ಮೇಲೆ ಬೇರೆ ಪದ ತುಂಬಿಸಿದೆ.