ಕವನಕ್ಕೊಂದು ಪಂಚನಾಮೆ

‘ಕನ್ಫೆಷನಲ್’ ಕಾವ್ಯವನ್ನು, ಅಂದರೆ ‘ನಾನು’ ಎಂದುಕೊಂಡು ಖಾಸಗಿ ನೋವನ್ನೇ ಹೇಳುವ ಕವನವನ್ನು, ಕನ್ನಡದಲ್ಲಿ ‘ತಪ್ಪೊಪ್ಪಿಗೆ’ ಎಂದದ್ದೇ ಎಡವಟ್ಟಾಯಿತು. ತಪ್ಪೊಪ್ಪಿಗೆ ಎಂದಮೇಲೆ ಠಾಣೆ ಬೇಡವೆ? ಶಿರಸಿಯ ಕವಿಗೋಷ್ಠಿಗಳು ಆ ಕೊರತೆ ನೀಗಿಸಿವೆ.

ಹುಡುಗಿಯೊಬ್ಬಳು ‘ಅಪ್ಪ ಹೊಡೆದ ಬಾಸುಂಡೆ’ ಎಂದು ಓದಿದಳೆನ್ನಿ. ಮೊದಲು ಲಯ, ಉಪಮೆಗಳಿಗೆ ಕಿವಿ ಮುಚ್ಚಿಕೊಳ್ಳಬೇಕು. ತನಿಖೆಗೆ ಅವು ಅಡ್ಡಿ. ಎರಡನೇ ಚರಣಕ್ಕೆ ಪಕ್ಕದವರತ್ತ ವಾಲಿ ‘ಯಾರ ಮನೆ ಕೂಸು ಇದು?’ ಎನ್ನಬೇಕು. ಕವನ ಮುಗಿಯುವುದರೊಳಗೆ ಊರು, ತೋಟ, ಸೋದರಮಾವ ಇಷ್ಟೂ ಪತ್ತೆಯಾಗದಿದ್ದರೆ ನೀವು ಸಹೃದಯರೇ ಅಲ್ಲ. ಚಹಾದ ಹೊತ್ತಿಗೆ ಹೇಳಿಕೆ ದಾಖಲಿಸುವುದು: ‘ತಂಗೀ, ಕವನ ಚೊಲೋ ಇದ್ದು. ಅಪ್ಪಯ್ಯ ಬೆತ್ತದಲ್ಲೇ ಹೊಡೀತಿದ್ನನೇ?’

ಹೌದೆಂದರೆ ಮನೆ ಮರ್ಯಾದೆ ತೆಗೆದಳು. ಇಲ್ಲವೆಂದರೆ ಸುಳ್ಳು ಬರೆದಳು. ಮೂರನೆಯ ಉತ್ತರಕ್ಕೆ ಪಂಚನಾಮೆಯಲ್ಲಿ ಜಾಗವಿಲ್ಲ. (ಬರೆದವ ಗಂಡಸಾದರೆ ತನಿಖೆಯಿಲ್ಲ, ‘ಅನುಭವದ ತೀವ್ರತೆ’ ಎಂದು ಶಾಲು ಹೊದಿಸುತ್ತಾರೆ.)

ಇದೇ ಸಭಿಕರು ತಾಳಮದ್ದಳೆಗೆ, ಅಂದರೆ ಕುಳಿತೇ ಆಡುವ ಮಾತಿನ ಯಕ್ಷಗಾನಕ್ಕೆ, ಬೆಳಗಿನ ಜಾವದ ತನಕ ಕೂರುವವರು. ಅಲ್ಲಿ ವೇಷವಿಲ್ಲ, ಕಿರೀಟವಿಲ್ಲ. ಭಾಗವತರ ಪದ ನಿಂತದ್ದೇ, ಬಿಳಿ ಪಂಚೆಯ ಅರ್ಥಧಾರಿ ‘ನಾನು ಕೌರವ, ತೊಡೆ ಮುರಿದು ಬಿದ್ದಿದ್ದೇನೆ’ ಎನ್ನುತ್ತಾನೆ. ಯಾರೂ ಎಲುಬಿನ ಡಾಕ್ಟರ ವಿಳಾಸ ಕೊಡುವುದಿಲ್ಲ. ಆ ‘ನಾನು’ ಯಾರೆಂದು ತೂಕಡಿಸುವ ಮಾಣಿಗೂ ಗೊತ್ತು.

ಕನ್ಫೆಷನಲ್ ಕವಿಯೆಂದೇ ಹೆಸರಾದ ಅಮೆರಿಕದ ಸಿಲ್ವಿಯಾ ಪ್ಲಾತ್ 1962ರಲ್ಲಿ ಬರೆದ ‘ಡ್ಯಾಡಿ’ಯನ್ನು ನಮ್ಮ ಪಂಚರ ಕೈಗೆ ಕೊಡಿ. ಕವನದಲ್ಲಿ ಅಪ್ಪನನ್ನು ಹೂಳುವಾಗ ಮಗಳಿಗೆ ಹತ್ತು ವರ್ಷ. ಪ್ಲಾತ್‌ಳ ಅಪ್ಪ ತೀರಿದ್ದು 1940ರಲ್ಲಿ, ಆಗ ಅವಳಿಗೆ ಎಂಟು. ಕವನದ ಅಪ್ಪನಿಗೆ ನಾಜಿಯ ವೇಷ. ಹೆತ್ತ ಅಪ್ಪ ದುಂಬಿಗಳ ಮೇಲೆ ಪುಸ್ತಕ ಬರೆದ ಪ್ರೊಫೆಸರ್. ದಾಖಲೆ ತಾಳೆಯಾಗಲಿಲ್ಲ, ಕೇಸು ವಜಾ! ಐದೈದು ಸಾಲಿನ ಹದಿನಾರು ಚರಣ, ಉದ್ದಕ್ಕೂ ಮಗು ರಾಗ ಎಳೆದಂತೆ ‘ಊ’ಕಾರದ ಪ್ರಾಸ. ಬಿಕ್ಕಿ ಅಳುವವರಿಗೆ ಇಷ್ಟು ಲೆಕ್ಕ ಸಿಕ್ಕೀತೆ?

ರಾಶಿ ಅಡಕೆ, ಅಂದರೆ ಬೇಯಿಸಿದ ಕೆಂಪಡಕೆ, ಮಾಡುವ ಸೀಮೆಗೆ ಹಸಿಯದು ಬೆಂದು ಬೇರೆಯಾಗುವುದೇನು ಹೊಸತಲ್ಲ. ಹಸಿ ಅಡಕೆ ಸುಲಿದು ಬೇಯಿಸಬೇಕು. ಬೇಯಿಸಿದ ನೀರೇ ಸರದಿ ಸರದಿಗೆ ಗಟ್ಟಿಯಾಗಿ ಚೊಗರಾಗುತ್ತದೆ, ಅದು ಹತ್ತಿ ಒಣಗಿದ ಮೇಲೆ ಆ ಕೆಂಪು. ಚೊಗರು ಅಡಕೆಯದೇ, ಆದರೆ ಮರದ ಮೇಲಿದ್ದಾಗ ಆ ಬಣ್ಣ ಇರಲಿಲ್ಲ. ಹಂಡೆ ಕಣ್ಣೆದುರೇ ಕುದಿಯುತ್ತಿದ್ದರೂ ನಮ್ಮ ಪಂಚರು ಕೇಳುವುದು, ಮರ ಯಾರ ತೋಟದ್ದು ಅಂತ.