ರಜೆ ಪೆಂಡಿಂಗ್, ನಾಯಕತ್ವ ಕಂಪ್ಲೀಟ್

ಕಳೆದ ತಿಂಗಳು ನಾನು ಲೀಡರ್ ಆದೆ. ಅದಕ್ಕೆ ಮುಂಚೆ ಒಂಬತ್ತು ವರ್ಷ ಬರೀ ಮ್ಯಾನೇಜರ್ ಆಗಿದ್ದೆ. ಸುಮ್ನೆ ಹೇಳುತ್ತಿಲ್ಲ, ಸರ್ಟಿಫಿಕೇಟ್ ಇದೆ. ಲ್ಯಾಮಿನೇಟ್ ಮಾಡಿಸಿಯೇ ಕೊಟ್ಟಿದ್ದಾರೆ. ಕನಕಪುರ ರಸ್ತೆಯ ರೆಸಾರ್ಟ್ ಒಂದರಲ್ಲಿ ಎರಡು ದಿನದ ತರಬೇತಿ. ವಿಷಯ, ಬಿಡುವಿಲ್ಲದ ಮ್ಯಾನೇಜರುಗಳಿಗೆ ದಿನನಿತ್ಯದ ನಾಯಕತ್ವ. ಬಿಡುವಿಲ್ಲದ ನಲವತ್ತು ಜನ ಎರಡು ದಿನ ಬಿಡುವು ಮಾಡಿಕೊಂಡು ಹೋಗಿ, ಬಿಡುವು ಮಾಡಿಕೊಳ್ಳುವುದು ಹೇಗೆ ಅಂತ ಕಲಿತು ಬಂದೆವು. ಊಟ ಚೆನ್ನಾಗಿತ್ತು.

ಹೊರಡುವ ಮುಂಚೆ ನನ್ನ ತಲೆಯ ಮೇಲಿದ್ದ ಕೆಲಸ, ನಿಜ ಹೇಳಬೇಕೆಂದರೆ, ಒಂದೇ. ನಮ್ಮ ಟೀಮಿನಲ್ಲಿ ಹಾಸನದ ಕಡೆಯ ಹುಡುಗ ಒಬ್ಬನಿದ್ದಾನೆ. ತಂಗಿ ಮದುವೆಗೆ ಮೂರು ದಿನ ರಜೆ ಕೇಳಿದ್ದ. ಗುರುವಾರ, ಶುಕ್ರವಾರ, ಆಮೇಲೆ ಸೋಮವಾರ. ಭಾನುವಾರ ಮುಹೂರ್ತ, ಸೋಮವಾರ ಬೀಗರೂಟ. ಮೂರು ವಾರ ಮುಂಚೆಯೇ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದ. ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಯನ್ನೂ ತಂದು ನನ್ನ ಮೇಜಿನ ಮೇಲಿಟ್ಟು, "ಸಾರ್, ಅಪ್ಪ ಒಬ್ಬರೇ ಆಗ್ತಾರೆ. ಚಪ್ಪರ, ಅಡುಗೆಯವರು, ದಿಬ್ಬಣದ ಬಸ್ಸು ಎಲ್ಲಾ ನಾನೇ ನೋಡ್ಕೋಬೇಕು" ಅಂದ.

ಪೋರ್ಟಲ್‌ನಲ್ಲಿ ಎರಡು ಬಟನ್ ಇವೆ. ಒಂದು ಹಸಿರು, ಒಂದು ಕೆಂಪು. ಯಾವುದನ್ನು ಒತ್ತಿದರೂ ಕೆಲಸ ಮುಗಿಯಿತು. ನಾನು "ನೋಡೋಣಪ್ಪ" ಅಂದೆ.

ಈ 'ನೋಡೋಣ' ಇದೆಯಲ್ಲ, ಇದಕ್ಕೆ ಯಾವ ರೆಸಾರ್ಟಿಗೂ ಹೋಗಬೇಕಾಗಿಲ್ಲ. ತಾಲ್ಲೂಕು ಕಚೇರಿಯ ಕಿಟಕಿಯಿಂದ ಹಿಡಿದು ಹೆಣ್ಣು ನೋಡಲು ಬಂದ ಗಂಡಿನ ಮನೆಯವರವರೆಗೆ ಎಲ್ಲರಿಗೂ ಬರುತ್ತದೆ. ಹೂಂ ಅಂದರೆ ಜವಾಬ್ದಾರಿ ಮೈಮೇಲೆ ಬರುತ್ತದೆ. ಊಹೂಂ ಅಂದರೆ ನಿಷ್ಠುರ. ನೋಡೋಣ ಅಂದರೆ ಎರಡೂ ಇಲ್ಲ, ಮೇಲಾಗಿ ಬಹಳ ಯೋಚನೆ ಮಾಡುವ ಮನುಷ್ಯ ಅಂತ ಹೆಸರು ಬೇರೆ.

ಹಾಗಂತ ನಾನು ಕೈಕಟ್ಟಿ ಕೂತಿರಲಿಲ್ಲ. ನನ್ನ ಮೇಲಿನವರನ್ನು ಕೇಳಿದೆ. "ನಿಮ್ಮ ಟೀಮು, ನಿಮ್ಮ ತೀರ್ಮಾನ. ನಾನು ಯಾವತ್ತಾದ್ರೂ ತಲೆ ಹಾಕಿದೀನಾ? ಶುಕ್ರವಾರದ ಸಾಫ್ಟ್‌ವೇರ್ ರಿಲೀಸ್ ಮಾತ್ರ ತಪ್ಪಬಾರದು" ಅಂದರು. ಬೀರು ನಿಮ್ಮದೇ, ಬೀಗದ ಕೈ ಮಾತ್ರ ನನ್ನ ಹತ್ತಿರ ಇರಲಿ ಅಂದ ಹಾಗೆ. ಆ ಶುಕ್ರವಾರ ನಾನೂ ಇರುವುದಿಲ್ಲ, ಅವರೂ ಇರುವುದಿಲ್ಲ, ಇಬ್ಬರೂ ರೆಸಾರ್ಟಿನಲ್ಲೇ ಇರುತ್ತೇವೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆದರೆ ನಾವು ಹೋಗುತ್ತಿದ್ದದ್ದು ತರಬೇತಿಗೆ. ಅದು ಕೆಲಸ. ಅವನು ಹೋಗುವುದು ಚಪ್ಪರ ಹಾಕಿಸಲು. ಅದು ಮಜಾ.

ಗುರುವಾರ ಬೆಳಿಗ್ಗೆ ಖಾರಾಬಾತ್ ಮುಗಿಸಿ ಹಾಲ್‌ನಲ್ಲಿ ಕೂತೆವು. ಕಿವಿಗೆ ಮೈಕ್ ಸಿಕ್ಕಿಸಿಕೊಂಡ ಕೋಚ್ ಬಂದರು. ಎಲ್ಲರನ್ನೂ ಎದ್ದು ನಿಲ್ಲಿಸಿ, ಪಕ್ಕದವರ ಭುಜ ಒತ್ತಿ ಅಂದರು. ನನ್ನ ಪಕ್ಕದಲ್ಲಿದ್ದದ್ದು ಅಕೌಂಟ್ಸ್‌ನವರು. ಹೋದ ವರ್ಷದ ನನ್ನ ಟ್ಯಾಕ್ಸಿ ಬಿಲ್ ಇನ್ನೂ ಅವರ ಹತ್ತಿರವೇ ಇದೆ. ಸ್ವಲ್ಪ ಜೋರಾಗಿಯೇ ಒತ್ತಿದೆ.

ಆಮೇಲೆ ಪರದೆಯ ಮೇಲೆ ಆ ಚಿತ್ರ ಬಂತು. ನೀವೂ ನೋಡಿರುತ್ತೀರಿ, ವಾಟ್ಸಾಪ್‌ನಲ್ಲಿ ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ. ಮೇಲೆ ಬಾಸ್. ದೊಡ್ಡ ಕಲ್ಲಿನ ಮೇಲೆ ಕುರ್ಚಿ ಮೇಜು ಹಾಕಿಕೊಂಡು ಬೆರಳು ತೋರಿಸುತ್ತಿದ್ದಾನೆ, ಕೆಳಗೆ ಮೂವರು ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ಅದರ ಕೆಳಗೆ ಲೀಡರ್. ಇವನು ಇಳಿದು ಬಂದು ಎಲ್ಲರಿಗಿಂತ ಮುಂದೆ ನಿಂತು ತಾನೂ ಎಳೆಯುತ್ತಿದ್ದಾನೆ. "ಏನು ವ್ಯತ್ಯಾಸ ಕಾಣುತ್ತೆ?" ಅಂತ ಕೋಚ್ ಕೇಳಿದರು. ನಲವತ್ತು ಜನ ನಲವತ್ತು ಉತ್ತರ ಕೊಟ್ಟರು. ವಿನಯ, ಮಾದರಿ, ಒಡನಾಟ, ಬೆವರು. ನನಗೆ ಬೇರೆಯದೇ ಕಂಡಿತು. ಎರಡು ಚಿತ್ರದಲ್ಲೂ ಎಳೆಯುವ ಮೂವರು ಅವರೇ. ಕಲ್ಲೂ ಅದೇ. ಆ ಕಲ್ಲು ಎಲ್ಲಿಗೆ ಹೋಗುತ್ತಿದೆ, ಅಲ್ಲಿ ಯಾರಿಗೆ ಬೇಕಾಗಿದೆ, ಕೆಳಗೆ ನಾಲ್ಕು ಚಕ್ರ ಯಾಕೆ ಹಾಕಿಲ್ಲ ಅನ್ನುವುದು ಎರಡರಲ್ಲೂ ಇಲ್ಲ. ಕೇಳೋಣ ಅಂತ ಕೈ ಎತ್ತಿದೆ. ಅಷ್ಟರಲ್ಲಿ ಟೀ ಬಂತು.

ಟೀ ಆದ ಮೇಲೆ ಗೋಪುರ ಕಟ್ಟುವ ಆಟ. ಪ್ರಪಂಚದಲ್ಲೆಲ್ಲಾ ಮ್ಯಾನೇಜರುಗಳ ಕೈಯಲ್ಲಿ ಆಡಿಸುವ ಆಟ ಇದು. ಒಣ ಶ್ಯಾವಿಗೆಯಂಥ 20 ಸ್ಪಗೆಟ್ಟಿ ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ಮಾರ್ಷ್‌ಮೆಲೋ ಅನ್ನುವ ಮೆತ್ತನೆಯ ಮಿಠಾಯಿ ಒಂದು. 18 ನಿಮಿಷದಲ್ಲಿ ಎತ್ತರದ ಗೋಪುರ ಕಟ್ಟಿ ಅದರ ತುದಿಯಲ್ಲಿ ಮಾರ್ಷ್‌ಮೆಲೋ ನಿಲ್ಲಿಸಬೇಕು. ನಮ್ಮ ಕೋಚ್ ಕಡ್ಡಿ ತಂದಿದ್ದರು, ಮಾರ್ಷ್‌ಮೆಲೋ ಮರೆತಿದ್ದರು. ಅಡುಗೆಮನೆಯಿಂದ ಜಾಮೂನು ತರಿಸಿದರು.

ನಮ್ಮ ಗುಂಪಿನಲ್ಲಿ ಐದು ಜನ. ಮೊದಲ ಏಳು ನಿಮಿಷ ಗುಂಪಿಗೆ ಹೆಸರು ಇಡುವುದಕ್ಕೆ ಹೋಯಿತು. ಈಗಲ್ಸ್ ಬೇಕೋ ಟೈಗರ್ಸ್ ಬೇಕೋ ಅನ್ನುವುದರಲ್ಲಿ ಒಮ್ಮತ ಮೂಡಲಿಲ್ಲ. ಆಮೇಲೆ ಮೂರು ನಿಮಿಷ, ಯಾರು ಏನು ಮಾಡಬೇಕು ಅಂತ ಒಬ್ಬರು ಚಾರ್ಟ್ ಬರೆದರು. ಉಳಿದದ್ದರಲ್ಲಿ ನಾಲ್ವರು ಸಲಹೆ ಕೊಟ್ಟರು, ಒಬ್ಬರು ಕಟ್ಟಿದರು. 17ನೇ ನಿಮಿಷಕ್ಕೆ ಗೋಪುರ ಎದ್ದು ನಿಂತಿತು. ಚಪ್ಪಾಳೆ ತಟ್ಟಿ ಫೋಟೋ ಹೊಡೆದುಕೊಂಡೆವು. ಕೊನೆಗೆ ಜಾಮೂನು ಏರಿಸಿದೆವು. ಗೋಪುರ ಒಂದು ಕ್ಷಣ ಯೋಚನೆ ಮಾಡಿ, ಅಕೌಂಟ್ಸ್‌ನವರ ಬಿಳಿ ಶರ್ಟಿನ ಕಡೆ ಬಾಗಿತು. ಲೋಟ ಎತ್ತಲು ಬಂದಿದ್ದ ಹುಡುಗ, "ಜಾಮೂನ್ ಭಾರ ಐತೆ ಸಾರ್, ಮೊದ್ಲೇ ಇಟ್ಟು ನೋಡ್ಬೇಕಿತ್ತು" ಅಂದ. ಅವನನ್ನು ಯಾರೂ ಕೇಳಿರಲಿಲ್ಲ.

ಈ ಆಟವನ್ನು ಊರೂರಲ್ಲಿ ಆಡಿಸಿದ ಟಾಮ್ ವುಜೆಕ್ ಅನ್ನುವವರು 2010ರಲ್ಲಿ ಒಂದು ಭಾಷಣದಲ್ಲಿ ಅದರ ಫಲಿತಾಂಶ ಹೇಳಿದ್ದಾರೆ. ಈಗಷ್ಟೇ ಬಿಸಿನೆಸ್ ಸ್ಕೂಲು ಮುಗಿಸಿದವರು ಎಲ್ಲರಿಗಿಂತ ಹಿಂದೆ. ಶಿಶುವಿಹಾರದ ಮಕ್ಕಳು ಅವರಿಗಿಂತ ಎಷ್ಟೋ ಮುಂದೆ. ಯಾಕೆಂದರೆ ಮಕ್ಕಳು ಮೊದಲೇ ಮಿಠಾಯಿ ಕೈಗೆತ್ತಿಕೊಳ್ಳುತ್ತವೆ, ಇಟ್ಟು ಬೀಳಿಸಿ ಮತ್ತೆ ಕಟ್ಟುತ್ತವೆ. ನಾನು ಗುಂಪಿನ ಮುಖಂಡ ಅಂತ ಯಾವ ಮಗುವೂ ಸಮಯ ಹಾಳು ಮಾಡುವುದಿಲ್ಲ. ಕಂಪನಿ ಮುಖ್ಯಸ್ಥರದು ಸುಮಾರಾಗಿ ಪರವಾಗಿಲ್ಲ. ಅವರ ಜೊತೆಗೆ ಆಫೀಸು ನೋಡಿಕೊಳ್ಳುವ ಒಬ್ಬ ಸಹಾಯಕರನ್ನು ಸೇರಿಸಿದರೆ ಗೋಪುರ ಇನ್ನೂ ಎತ್ತರ ಆಗುತ್ತದಂತೆ. ಇಷ್ಟು ಗೊತ್ತಿದ್ದೂ ತರಬೇತಿ ಕೊಡಿಸುವುದು ಯಾರಿಗೆ ನೋಡಿ.

ಮಧ್ಯಾಹ್ನ ಸಮಯ ಪಾಲನೆ. ಪಾಠ ಒಂದು ಗಂಟೆ ತಡವಾಗಿ ಶುರುವಾಯಿತು. ಪರದೆಯ ಮೇಲೆ ನಾಲ್ಕು ಚೌಕ. ತುರ್ತು, ತುರ್ತಲ್ಲ, ಮುಖ್ಯ, ಮುಖ್ಯವಲ್ಲ. ಇದಕ್ಕೆ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಹೆಸರು. ಪಾಪ, ಅವರು 1954ರ ಭಾಷಣವೊಂದರಲ್ಲಿ ತುರ್ತು ಬೇರೆ, ಮುಖ್ಯ ಬೇರೆ ಅಂತ ಒಂದು ಮಾತು ಹೇಳಿದ್ದರು, ಅದೂ ಕಾಲೇಜೊಂದರ ಮಾಜಿ ಮುಖ್ಯಸ್ಥರ ಮಾತು ಅಂತ ಹೇಳಿಯೇ ಹೇಳಿದ್ದರು. ಚೌಕ ಎಳೆದದ್ದು ಆಮೇಲಿನವರು. 1944ರಲ್ಲಿ ನಾರ್ಮಂಡಿ ದಡಕ್ಕೆ ಲಕ್ಷಗಟ್ಟಲೆ ಸೈನಿಕರನ್ನು ಇಳಿಸಿದ ಮನುಷ್ಯನ ಹೆಸರಿನಲ್ಲಿ ನಾನು ಮೂರು ದಿನದ ರಜೆಯನ್ನು ಯಾವ ಚೌಕದಲ್ಲಿ ಹಾಕಲಿ ಅಂತ ಕೂತೆ.

ಮದುವೆ ಅವನಿಗೆ ಮುಖ್ಯ. ನನಗೆ ಮುಖ್ಯವಲ್ಲ. ಇವತ್ತೇ ಗುರುವಾರ, ಹಾಗಾಗಿ ತುರ್ತು. ತುರ್ತು ಆದರೆ ಮುಖ್ಯವಲ್ಲದ ಕೆಲಸವನ್ನು ಏನು ಮಾಡಬೇಕು? "ಡೆಲಿಗೇಟ್!" ಅಂತ ಕೋಚ್ ಕೂಗಿದರು. ಬೇರೆಯವರಿಗೆ ಒಪ್ಪಿಸಿ. ಯಾರಿಗೆ ಒಪ್ಪಿಸಲಿ? ಯೋಚಿಸಿದಷ್ಟೂ ಒಬ್ಬನೇ ಕಂಡ. ಮೆಸೇಜ್ ಹಾಕಿದೆ. "ನಿನ್ನ ಬದಲು ಯಾರು ಕೆಲಸ ನೋಡ್ಕೋತಾರೆ ಅಂತ ನೀನೇ ಹುಡುಕಿ ಹೇಳು. ಇದನ್ನ ನಿನಗೆ ಸಿಕ್ಕ ಅವಕಾಶ ಅಂತ ತಿಳ್ಕೋ." ಇದಕ್ಕೆ ಎಂಪವರ್‌ಮೆಂಟ್, ಅಂದರೆ ಕೆಳಗಿನವರ ಕೈಗೆ ಅಧಿಕಾರ ಕೊಡುವುದು, ಅನ್ನುತ್ತಾರೆ ಅಂತ ಸಂಜೆಯ ಪಾಠದಲ್ಲಿ ಗೊತ್ತಾಯಿತು. ಗೊತ್ತಿಲ್ಲದೆಯೇ ಮಾಡಿಬಿಟ್ಟಿದ್ದೆ.

ಅವನ ಉತ್ತರ ಬರಲಿಲ್ಲ. ಬೆಳಿಗ್ಗೆಯೇ ಪೋರ್ಟಲ್‌ನಿಂದ ಒಂದು ಸೂಚನೆ ಬಂದಿತ್ತು. ಸಿಕ್ ಲೀವ್, ವೈರಲ್ ಜ್ವರ, ಎರಡು ದಿನ. ಸಿಕ್ ಲೀವ್‌ಗೆ ನನ್ನ ಹಸಿರು ಬಟನ್ ಬೇಕಾಗುವುದಿಲ್ಲ.

ಶುಕ್ರವಾರ ಕಹಿ ಮಾತನ್ನು ಹೇಳುವ ಬಗೆ ಕಲಿಸಿದರು. ಮೊದಲು ಹೊಗಳಬೇಕು, ನಡುವೆ ಬೈಯಬೇಕು, ಕೊನೆಗೆ ಮತ್ತೆ ಹೊಗಳಬೇಕು. ಸ್ಯಾಂಡ್‌ವಿಚ್ ಅಂತ ಹೆಸರು. ನಮ್ಮ ಮನೆಯಲ್ಲಿ ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕುವುದು ಹೀಗೆಯೇ, ಆದರೆ ಗೊಜ್ಜು ಬಾಯಿಗೆ ರುಚಿಯಾದರೂ ಇರುತ್ತದೆ. ಆಫೀಸಿನಲ್ಲಿ ಇದು ಈಗ ಎಷ್ಟು ಹಳಸಿದೆ ಎಂದರೆ, "ನಿಮ್ಮ ಕೆಲಸ ಬಹಳ ಚೆನ್ನಾಗಿದೆ" ಅಂತ ಶುರು ಮಾಡಿದರೆ ಸಾಕು, ಎದುರಿಗಿದ್ದವರು ರೆಸ್ಯೂಮೆ ತಿದ್ದಲು ಶುರು ಮಾಡುತ್ತಾರೆ.

ಮಧ್ಯೆ ಒಬ್ಬರು ಕೆಲಸದ ಗಂಟೆಗಳ ಮಾತು ಎತ್ತಿದರು. ಅದು ಬರದೆ ಬೆಂಗಳೂರಿನಲ್ಲಿ ಯಾವ ಸಭೆಯೂ ಮುಗಿಯುವುದಿಲ್ಲ. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಆಂಡ್ ಟಿ ಅಧ್ಯಕ್ಷರ ಮಾತು ಹೊರಬಂತು. 90 ಗಂಟೆ, ಭಾನುವಾರವೂ ಬನ್ನಿ, ಮನೆಯಲ್ಲಿ ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಅಂತ. ಇವೆರಡರ ನಡುವೆ, 2024ರ ಜುಲೈನಲ್ಲಿ, ಐಟಿಯಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಲು ದಾರಿ ಮಾಡಿಕೊಡುವ ತಿದ್ದುಪಡಿಯ ಪ್ರಸ್ತಾವ ನಮ್ಮ ರಾಜ್ಯದಲ್ಲೇ ಓಡಾಡಿತು. ನೌಕರರ ಸಂಘದವರು ಗಲಾಟೆ ಮಾಡಿದರು. 14 ಗಂಟೆಯನ್ನು ಐದು ದಿನಕ್ಕೆ ಗುಣಿಸಿ ನೋಡಿ, ಸರಿಯಾಗಿ 70 ಬರುತ್ತದೆ. ಲೆಕ್ಕದಲ್ಲಿ ನಾವು ಯಾವತ್ತೂ ಹಿಂದೆ ಬಿದ್ದವರಲ್ಲ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಅನ್ನುತ್ತದೆ. 20 ದಿನ ದುಡಿದರೆ ಒಂದು ದಿನ ರಜೆ ಗಳಿಸಿದ ಹಾಗೆ ಅಂತಲೂ ಅದರಲ್ಲಿದೆ. ಗಳಿಸಿದ್ದು ಅಂತ. ನಾನು ದಾನ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಈ ಚರ್ಚೆಯ ಹೊತ್ತಿನಲ್ಲೇ ರಿಲೀಸ್ ಏನಾಯಿತು ಅಂತ ಮೇಲ್ ತೆಗೆದೆ. ಬುಧವಾರ ರಾತ್ರಿಯೇ ಮುಂದಕ್ಕೆ ಹೋಗಿತ್ತು. ಒಪ್ಪಿಗೆ ಕೊಡಬೇಕಾದ ಜರ್ಮನಿಯ ಕ್ಲೈಂಟ್ ರಜೆಯಲ್ಲಿದ್ದರು. ಮೂರು ವಾರ ಇರುವುದಿಲ್ಲ, ಮೇಲ್ ನೋಡುವುದೂ ಇಲ್ಲ ಅಂತ ತಾನಾಗಿ ಬರುವ ಉತ್ತರ. ಆ ಮೂರು ವಾರಕ್ಕೆ ಯಾವ ಪುಣ್ಯಾತ್ಮ ಹಸಿರು ಬಟನ್ ಒತ್ತಿದನೋ ಗೊತ್ತಿಲ್ಲ. ನಮ್ಮ ಮೇಲಿನವರು ಓದಿ, "ಎಷ್ಟು ಶಿಸ್ತು ನೋಡಿ ಅವರದು" ಅಂದರು.

ಭಾನುವಾರ ವಾಟ್ಸಾಪ್ ಸ್ಟೇಟಸ್ ನೋಡುತ್ತಿದ್ದೆ. ಹುಡುಗ ಮರೆತು ನನಗೂ ಕಾಣುವ ಹಾಗೆ ಹಾಕಿದ್ದ. ಊಟದ ಹಾಲ್. ಪಂಚೆ ಎತ್ತಿ ಕಟ್ಟಿದ್ದಾನೆ, ಸೊಂಟಕ್ಕೆ ಟವೆಲ್ಲು, ಕೈಯಲ್ಲಿ ಪಾಯಸದ ಬಕೆಟ್. "ಆ ಸಾಲಿಗೆ ಕೋಸಂಬರಿ ಹೋಗಿಲ್ಲ, ಏಯ್ ಅನ್ನ ತಗೊಂಬಾ, ಅಜ್ಜಿಗೆ ಕುರ್ಚಿ ಹಾಕ್ರೋ" ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾ ನಡೆಯುತ್ತಿದ್ದಾನೆ. ಕೋಸಂಬರಿ ಹೋಯಿತು. ಕುರ್ಚಿ ಬಂತು. ಎಲೆಯ ಮುಂದೆ ಕೂತ ಯಾರೋ ಒಬ್ಬ ಮಾವ ಏನೋ ಗೊಣಗಿದರು. ಇವನು ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದ, ಮಾವ ನಕ್ಕರು, ಎಲೆಗೆ ಇನ್ನೊಂದು ಚಿರೋಟಿ ಬಿತ್ತು. ಅಷ್ಟಕ್ಕೆ ವಿಡಿಯೋ ಮುಗಿಯಿತು. ಮತ್ತೆ ಎರಡು ಸಲ ನೋಡಿದೆ. ಅಷ್ಟರಲ್ಲಿ ಸ್ಟೇಟಸ್ ಮಾಯವಾಯಿತು.

"ಗೆಟ್ ವೆಲ್ ಸೂನ್" ಅಂತ ಮೆಸೇಜ್ ಹಾಕಿದೆ. "ಥ್ಯಾಂಕ್ಯೂ ಸಾರ್, ಸ್ವಲ್ಪ ಸುಸ್ತಿದೆ, ಸೋಮವಾರವೂ ಆಗಲ್ಲ ಅನ್ಸುತ್ತೆ" ಅಂತ ಬಂತು.

ಮಂಗಳವಾರ ಬೆಳಿಗ್ಗೆ ಸ್ಟ್ಯಾಂಡ್-ಅಪ್ ಮೀಟಿಂಗ್. ಇದು ನಿಂತುಕೊಂಡೇ 15 ನಿಮಿಷದಲ್ಲಿ ಮುಗಿಸಬೇಕಾದ ಸಭೆ. ನಾವು ಕೂತು 50 ನಿಮಿಷ ಮಾಡುತ್ತೇವೆ. ಜಾಗ ಸಿಗುವುದು ಬೇರೆ ತಡ. ನಮ್ಮಲ್ಲಿ ಮೀಟಿಂಗ್ ರೂಮುಗಳಿಗೆ ನದಿಗಳ ಹೆಸರು. ಶರಾವತಿಯಲ್ಲಿ ಎಸಿ ಕೆಟ್ಟಿದೆ, ಕಾವೇರಿಯನ್ನು ಚೆನ್ನೈ ಟೀಮಿನವರು ತಿಂಗಳ ಮುಂಚೆಯೇ ಬುಕ್ ಮಾಡಿರುತ್ತಾರೆ. ಕೊನೆಗೆ ಪ್ಯಾಂಟ್ರಿ ಪಕ್ಕ ನಿಂತೆವು. ಹುಡುಗ ಬಂದಿದ್ದ. ಅಂಗೈಯಲ್ಲಿ ಅರಿಶಿನದ ಬಣ್ಣ ಇನ್ನೂ ಹೋಗಿರಲಿಲ್ಲ.

"ಜ್ವರ ಹೇಗಿದೆಯಪ್ಪಾ?"

"ವಾಸಿ ಆಯ್ತು ಸಾರ್."

"ಊರಲ್ಲಿ ಎಲ್ಲಾ ಚೆನ್ನಾಗಾಯ್ತಾ?"

"ಹೂಂ ಸಾರ್. ಅಂದ್ರೆ, ಚೆನ್ನಾಗಾಯ್ತಂತೆ ಸಾರ್."

ಚಿರೋಟಿಯ ಡಬ್ಬ ನನ್ನ ಮೇಜಿನ ಮೇಲಿಟ್ಟು ಹೋದ. ನಾನು ಕೂತು ಪೋರ್ಟಲ್ ತೆಗೆದೆ. ಅವನ ಹಳೆಯ ಅರ್ಜಿ ಇನ್ನೂ ಹಾಗೇ ಇತ್ತು, ಪೆಂಡಿಂಗ್ ಅಂತ. ಹಸಿರು ಬಟನ್ ಒತ್ತಿದೆ. ದಿನಾಂಕ ಮೀರಿದೆ, ಮೇಲಧಿಕಾರಿಯ ಒಪ್ಪಿಗೆ ಬೇಕು ಅಂತ ಬಂತು. ಮೇಲಧಿಕಾರಿಗೆ ಕಳಿಸಿದೆ. ಅವರು ಎದುರಿನ ಕ್ಯಾಬಿನ್‌ನಿಂದ ತಲೆ ಎತ್ತಿ "ನೋಡೋಣ" ಅನ್ನುವ ಹಾಗೆ ಕೈ ಆಡಿಸಿದರು.

ಅದೇ ಹೊತ್ತಿಗೆ ತರಬೇತಿಯವರ ಫಾರಂ ಬಂತು. ಊಟಕ್ಕೆ ಐದಕ್ಕೆ ಐದು ಕೊಟ್ಟೆ. ಕೊನೆಯಲ್ಲಿ ಒಂದು ಪ್ರಶ್ನೆ, ಕೆಂಪು ಚುಕ್ಕೆ ಇಟ್ಟದ್ದು, ಉತ್ತರ ಬರೆಯದೆ ಮುಂದೆ ಬಿಡುವುದಿಲ್ಲ. ಕಲಿತದ್ದನ್ನು ಕೆಲಸದಲ್ಲಿ ಬಳಸಿದ ಒಂದು ಉದಾಹರಣೆ ಕೊಡಿ. ಚಿರೋಟಿಯ ಪುಡಿ ಒರೆಸಿಕೊಂಡು ಬರೆದೆ: "ಟೀಮಿನ ಸದಸ್ಯರೊಬ್ಬರನ್ನು ಎಂಪವರ್ ಮಾಡಿದೆ. ರಜೆಯ ತೀರ್ಮಾನವನ್ನು ಅವರೇ ತೆಗೆದುಕೊಂಡರು."