ಶೇ 99 ಹೊಂದಿತು, ಆದರೆ ಯಾವುದರ ಜೊತೆ?

ಬೇಟೆ ಕೇಸಿನಲ್ಲಿ ವಶಪಡಿಸಿಕೊಂಡ ಮಾಂಸದ ಡಿಎನ್‌ಎ ಡೇಟಾಬೇಸಿನ ದಾಖಲೆಯೊಂದಕ್ಕೆ ಶೇ 99 ಹೊಂದಿದರೆ ಪ್ರಾಣಿ ಯಾವುದೆಂದು ಖಚಿತ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಯಾವುದರ ಜೊತೆ ಹೊಂದಿತು ಅನ್ನೋದು ಮುಖ್ಯ ಅಲ್ವಾ? ಡಿಎನ್‌ಎ ದಾಖಲೆಗಳ ಸಾರ್ವಜನಿಕ ಡೇಟಾಬೇಸ್ ಆದ ಜೆನ್‌ಬ್ಯಾಂಕ್‌ಗೆ ಯಾವ ಸಂಶೋಧಕರು ಬೇಕಾದರೂ ದಾಖಲೆ ಸೇರಿಸಬಹುದು. ಪ್ರಾಣಿಯ ಹೆಸರು ಅವರು ಕೊಟ್ಟಿದ್ದೇ. ಅದು ತಪ್ಪಾಗಿದ್ದರೆ ನಮ್ಮ ವರದಿಯೂ ತಪ್ಪೇ.

ಎಂ.ಎಸ್ಸಿ. ಓದುವಾಗ ಕಡವೆಯದೇ ಎಂದು ಗೊತ್ತಿದ್ದ ಚರ್ಮದ ಚೂರೊಂದನ್ನು ಪರೀಕ್ಷಿಸಿದ್ದೆವು. ಜೆನ್‌ಬ್ಯಾಂಕ್‌ನಲ್ಲಿ ಹುಡುಕಿದಾಗ ಫಲಿತಾಂಶದ ಮೇಲಿನ ಸಾಲುಗಳಲ್ಲೇ ಬೇರೆ ಜಿಂಕೆಯ ಹೆಸರೊಂದು ಬಂತು. ಆ ದಾಖಲೆ ತೆರೆದು ನೋಡಿದರೆ ಮಾದರಿ ಯಾವ ಕಾಡಿನದು, ಯಾವ ಮ್ಯೂಸಿಯಂನಲ್ಲಿದೆ, ಒಂದೂ ಇಲ್ಲ. ಸುಮ್ನೆ ಒಂದು ಹೆಸರು!

ಬಾರ್‌ಕೋಡ್‌ಗೆ, ಅಂದರೆ ಡಿಎನ್‌ಎಯ ಸಣ್ಣ ತುಂಡಿನಿಂದ ಪ್ರಭೇದ ಗುರುತಿಸುವುದಕ್ಕೆ, ಬಳಸುವ ಸಿಒಐ ಎಂಬ ಜೀನ್‌ನ ತುಂಡು ಸುಮಾರು 650 ಡಿಎನ್‌ಎ ಅಕ್ಷರ ಉದ್ದ. ಶೇ 1 ಅಂದರೆ ಆರೇಳು ಅಕ್ಷರ. ತೀರಾ ಹತ್ತಿರದ ಪ್ರಭೇದಗಳ ನಡುವೆ ಕೆಲವೊಮ್ಮೆ ಅಷ್ಟೂ ವ್ಯತ್ಯಾಸ ಇರುವುದಿಲ್ಲ. ಇನ್ನು ಕಾಡುಹಂದಿ, ಊರಹಂದಿ ಎರಡೂ ಒಂದೇ ಪ್ರಭೇದ. ಈ ತುಂಡೊಂದನ್ನೇ ನಂಬಿ ಅವನ್ನು ಬೇರೆ ಮಾಡುವುದು ಹೇಗೆ? 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಹಂದಿ ಬೇಟೆ ಅಪರಾಧ, ಊರಹಂದಿ ಮಾಂಸ ಮಾರಿದರೆ ಆ ಕೇಸೇ ಇಲ್ಲ. ಒಬ್ಬ ಮನುಷ್ಯನ ಜೈಲುವಾಸದ ಪ್ರಶ್ನೆ ಇದು.

ಗುರುತು ಖಚಿತವಾಗಿರುವ ಮಾದರಿಗಳನ್ನು ಹಾಕಿ ಡೇಟಾಬೇಸನ್ನೇ ಮೊದಲು ಪರೀಕ್ಷಿಸಬೇಕು. ಎಷ್ಟು ಸಲ ತಪ್ಪು ಹೆಸರು ಬಂತು ಅನ್ನೋದನ್ನು ಕೋರ್ಟಿಗೆ ಕೊಡುವ ವರದಿಯಲ್ಲೇ ಬರೆಯಬೇಕು.